‘ಸರ್ವರ್ ಇಲ್ಲ’ ಎಂಬ ವಾಕ್ಯದ ಅರ್ಥವಿಚಾರ

ನ್ಯಾಯಬೆಲೆ ಅಂಗಡಿಯ ಮುಂದೆ, ನೋಂದಣಿ ಕಚೇರಿಯ ಜಗಲಿಯಲ್ಲಿ, ಬ್ಯಾಂಕಿನ ಕೌಂಟರಿನ ಎದುರಿನಲ್ಲಿ ನಿಂತವರ ಕಿವಿಗೆ ಈಚಿನ ವರ್ಷಗಳಲ್ಲಿ ಪದೇ ಪದೇ ಬೀಳುತ್ತಿರುವ ವಾಕ್ಯವೊಂದುಂಟು. ಅದು ‘ಸರ್ವರ್ ಇಲ್ಲ’ ಎಂಬುದು. ರಾಜಾಜಿನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ ಈ ಮಾತನ್ನು ಕೇಳಿದವರು ಮರುಮಾತಿಲ್ಲದೆ ಚೀಲವನ್ನು ಮಡಿಸಿಕೊಂಡು ಮನೆಗೆ ಹಿಂದಿರುಗುವುದು ವಾಡಿಕೆಯಾಗಿದೆ. ವಾಕ್ಯವು ಎರಡೇ ಪದಗಳದ್ದು. ಆದರೆ ಇದರಲ್ಲಿ ನಿಷೇಧಿಸಲ್ಪಟ್ಟದ್ದು ಯಾವುದು, ನಿಷೇಧಕ್ಕೆ ಪ್ರಮಾಣವೇನು ಎಂದು ವಿಚಾರಿಸಿದರೆ ವಿಷಯವು ಅಷ್ಟು ಸುಲಭವಾದುದಲ್ಲವೆಂದು ತೋರುವುದು. ಹೇಗೆಂದರೆ, ಸರ್ವರ್ ಎಂಬುದು ಎಲ್ಲಿಯೋ ದೂರದಲ್ಲಿದ್ದುಕೊಂಡು ಕೇಳಿದವರಿಗೆ ಕೇಳಿದುದನ್ನು ಒದಗಿಸುವ ಕಂಪ್ಯೂಟರು. ಕೌಂಟರಿನಲ್ಲಿ ಕುಳಿತವನು ಅದನ್ನು ಎಂದೂ ಕಂಡವನಲ್ಲ. ಅವನಿಗೆ ಪ್ರತ್ಯಕ್ಷವಾದುದು ಇಷ್ಟೇ: ತನ್ನ ಎದುರಿನ ಪರದೆಯಲ್ಲಿ ಉತ್ತರವು ಬರಲಿಲ್ಲ. ‘ಉತ್ತರ ಬರಲಿಲ್ಲ’ ಎಂಬ ಅನುಭವದಿಂದ ‘ವಸ್ತುವೇ ಇಲ್ಲ’ ಎಂಬ ಸಿದ್ಧಾಂತಕ್ಕೆ ಅವನು ಒಂದೇ ನೆಗೆತದಲ್ಲಿ ಹೋಗಿದ್ದಾನೆ. ಈ ನೆಗೆತವು ಎಷ್ಟರ ಮಟ್ಟಿಗೆ ಯುಕ್ತ, ಅದನ್ನು ಯುಕ್ತವಾಗಿಸುವ ಸಾಧನಗಳು ಯಾವುವು ಎಂಬುದೇ ಈ ಲೇಖನದ ವಿಷಯ.

ಇದು ಯಂತ್ರಜ್ಞರ ವಿಚಾರ, ಸಾಹಿತ್ಯದ ಅಧ್ಯಾಪಕರಿಗೆ ಇದರಿಂದ ಪ್ರಯೋಜನವೇನು ಎಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಬೆಂಗಳೂರಿನಲ್ಲಿಯೇ ದೊರೆಯುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಮುಂದೆ ನಿಂತು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಗ್ರಂಥಭಂಡಾರವನ್ನು ಅಂತರ್ಜಾಲದಲ್ಲಿ ಕಟ್ಟಿತು. ಹಳೆಯ ಪುಸ್ತಕಗಳ ಪುಟಪುಟಗಳನ್ನೂ ಸ್ಕ್ಯಾನ್ ಮಾಡಿ ಇರಿಸಿದ ಆ ಭಂಡಾರದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮುಂತಾದ ಭಾಷೆಗಳ ಲಕ್ಷಗಟ್ಟಲೆ ಗ್ರಂಥಗಳಿದ್ದವು. ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಆ ತಾಣದ ವಿಳಾಸವನ್ನೇ ಆಕರವೆಂದು ಬರೆದುಕೊಂಡರು. ಕೆಲವು ಕಾಲ ಅದು ತಡೆದು ತಡೆದು ತೆರೆದುಕೊಳ್ಳುತ್ತಿತ್ತು. ಕೆಲವು ದಿನ ತೆರೆಯುತ್ತಲೇ ಇರಲಿಲ್ಲ. 2017ರ ವೇಳೆಗೆ ಬಾಗಿಲು ಮುಚ್ಚಿತ್ತು. ಆ ಗ್ರಂಥಗಳಲ್ಲಿ ಬಹುಭಾಗವನ್ನು ಅಷ್ಟರಲ್ಲಿ ‘ಇಂಟರ್ನೆಟ್ ಆರ್ಕೈವ್’ ಎಂಬ ಅಮೆರಿಕದ ಭಂಡಾರದಲ್ಲಿ ಪ್ರತಿಮಾಡಿ ಇರಿಸಲಾಗಿದ್ದುದರಿಂದ ವಿದ್ಯೆಗೆ ಸರ್ವನಾಶವು ತಪ್ಪಿತು. ಆದರೂ ಹಿಂದಿನ ಪ್ರಬಂಧಗಳಲ್ಲಿ ಅಚ್ಚಾದ ವಿಳಾಸಗಳು ಇಂದು ಬರಿಯ ಅಕ್ಷರಗಳಾಗಿ ಉಳಿದಿವೆ. ತಾಣವು ಯಾವ ತಿಂಗಳಿಂದ ಕ್ಷೀಣಿಸತೊಡಗಿತು, ಎಂದು ಕಡೆಯ ಬಾರಿಗೆ ಉತ್ತರ ಕೊಟ್ಟಿತು ಎಂಬುದನ್ನು ಅದನ್ನು ಆಶ್ರಯಿಸಿದ್ದ ವಿದ್ವಾಂಸರು ದಿನದಿನವೂ ಬರೆದಿಟ್ಟುಕೊಂಡಿದ್ದರೆ, ಬೇಕಾದ ಗ್ರಂಥಗಳನ್ನು ಸಕಾಲದಲ್ಲಿ ಇಳಿಸಿಟ್ಟುಕೊಳ್ಳುವುದಕ್ಕೆ ಎಚ್ಚರಿಕೆಯು ದೊರೆಯುತ್ತಿತ್ತು. ಹಾಗೆ ಬರೆದಿಡುವ ಕೆಲಸವನ್ನು ಕಂಪ್ಯೂಟರಿನಿಂದಲೇ ಮಾಡಿಸಬಹುದು. ಅದಕ್ಕೆ ಹಣದ ವೆಚ್ಚವಿಲ್ಲ, ನಾಲ್ಕು ಸಾಲುಗಳ ಆಜ್ಞೆ ಸಾಕು.

ಮೊದಲು ಪ್ರಮಾಣದ ಮಾತು. ಅಭಾವವನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಬಹಳ ಬೆಳೆಸಿದ್ದಾರೆ. ಕುಮಾರಿಲಭಟ್ಟನ ಅನುಯಾಯಿಗಳೂ ಅದ್ವೈತಿಗಳೂ ಅನುಪಲಬ್ಧಿಯನ್ನು ಬೇರೊಂದು ಪ್ರಮಾಣವೆಂದು ಎಣಿಸುತ್ತಾರೆ, ಪ್ರಾಭಾಕರರು ಒಪ್ಪುವುದಿಲ್ಲ, ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿಯೆಂದಷ್ಟೇ ಹೇಳುತ್ತಾರೆ. ಈ ಕಲಹದಲ್ಲಿ ಯಾರ ಪಕ್ಷವನ್ನು ಹಿಡಿದರೂ ಒಂದು ನಿಯಮವನ್ನು ಬಿಡುವಂತಿಲ್ಲ: ಕಾಣದಿರುವುದು ಮಾತ್ರವೇ ಅಭಾವಕ್ಕೆ ಸಾಧಕವಲ್ಲ, ಇದ್ದಿದ್ದರೆ ಕಾಣಲೇಬೇಕಾಗಿದ್ದ ಸನ್ನಿವೇಶದಲ್ಲಿ ಕಾಣದಿರುವುದು ಸಾಧಕ. ಬೆಳಕಿರುವ ಕೋಣೆಯ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಇದನ್ನೇ ಯೋಗ್ಯಾನುಪಲಬ್ಧಿ ಎನ್ನುವುದು. ಧರ್ಮರಾಜಾಧ್ವರಿಯ ವೇದಾಂತಪರಿಭಾಷೆಯನ್ನು ಪಾಠಮಾಡಿದವರಿಗೆ ಇದು ಹೊಸದಲ್ಲ. ಜಾಲಸೇವೆಯ ಪರೀಕ್ಷೆಯೆಂದರೆ ಕೋಣೆಯಲ್ಲಿ ಬೆಳಕಿದೆಯೆಂಬುದನ್ನು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಗಡಿಗೆಯನ್ನು ಹುಡುಕುವ ಕ್ರಮವಷ್ಟೇ.

ಇನ್ನು ಸಾಧನಗಳು. ಕಂಪ್ಯೂಟರಿನೊಳಗೆ ಯಂತ್ರವನ್ನು ಆಳುವ ತಿರುಳೊಂದಿದೆ; ಅದರ ಹೊರಗೆ ಮನುಷ್ಯನ ಆಜ್ಞೆಗಳನ್ನು ಸಾಲುಸಾಲಾಗಿ ಓದಿ ನಡೆಸುವ ಭಾಗಕ್ಕೆ ಶೆಲ್, ಅಂದರೆ ಚಿಪ್ಪು, ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಎಂಬ ವ್ಯವಸ್ಥೆಯ ಏಳನೆಯ ಆವೃತ್ತಿಯು 1979ರಲ್ಲಿ ಹೊರಬಂದಿತು. ಸ್ಟೀಫನ್ ಬೌರ್ನ್ ಬರೆದ ಶೆಲ್ಲೂ, ಗೊತ್ತಾದ ಹೊತ್ತಿಗೆ ಗೊತ್ತಾದ ಆಜ್ಞೆಯನ್ನು ತಾನಾಗಿ ನಡೆಸುವ ಕ್ರಾನ್ ಎಂಬ ಕಾರ್ಯಕ್ರಮವೂ ಅದರಲ್ಲಿದ್ದವು. ಕ್ರಾನ್ ಎಂಬುದು ಕಾಲವಾಚಿಯಾದ ಗ್ರೀಕ್ ಶಬ್ದದಿಂದ ಬಂದುದೆಂದು ಹೇಳುವರು. ಪಿಂಗ್ ಎಂಬ ಸಣ್ಣ ಆಜ್ಞೆಯನ್ನು ಮೈಕ್ ಮೂಸ್ ಎಂಬವನು 1983ರ ಡಿಸೆಂಬರಿನಲ್ಲಿ ಬರೆದನು. ಸಮುದ್ರದಲ್ಲಿ ಹಡಗುಗಳು ಶಬ್ದವನ್ನು ಹೊರಡಿಸಿ ಅದರ ಪ್ರತಿಧ್ವನಿಯಿಂದ ದೂರವನ್ನು ತಿಳಿಯುವ ಸಾಧನದ ಸದ್ದಿನ ಅನುಕರಣವೇ ಆ ಹೆಸರು. ಜಾಲತಾಣದ ಪುಟವನ್ನು ತರಿಸಿ ನೋಡುವ ಕರ್ಲ್ ಎಂಬ ಆಜ್ಞೆಯು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬವನಿಂದ ಆ ಹೆಸರಿನಲ್ಲಿ 1998ರಲ್ಲಿ ಪ್ರಕಟವಾಯಿತು. ಈ ಮೂರು ಸಾಕು. ಇವುಗಳಿಗಿಂತ ಆಡಂಬರದ ಸಾಧನಗಳು ಅನೇಕವಿದ್ದರೂ ಒಬ್ಬ ಅಧ್ಯಾಪಕನ ಆವಶ್ಯಕತೆಗೆ ಅವು ಹೆಚ್ಚು.

ಕ್ರಾನಿಗೆ ಕಾಲವನ್ನು ಹೇಳುವ ರೀತಿಯು ಪಂಚಾಂಗವನ್ನು ಬಲ್ಲವರಿಗೆ ಬೇಗ ಹಿಡಿಸುವಂತಹದು. ಪ್ರತಿಯೊಂದು ಸಾಲಿನಲ್ಲಿಯೂ ಮೊದಲು ಐದು ಅಂಗಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ, ಅವುಗಳ ಮುಂದೆ ನಡೆಸಬೇಕಾದ ಆಜ್ಞೆ. ಯಾವ ಅಂಗದಲ್ಲಿ ನಿಯಮ ಬೇಡವೋ ಅಲ್ಲಿ ನಕ್ಷತ್ರಚಿಹ್ನೆಯನ್ನು ಇಡತಕ್ಕದ್ದು. ವಾರಗಳಲ್ಲಿ ರವಿವಾರಕ್ಕೆ ಸೊನ್ನೆ, ಸೋಮವಾರಕ್ಕೆ ಒಂದು, ಹೀಗೆ ಎಣಿಕೆ. ನಮ್ಮವರ ವಾರಗಣನೆಯಂತೆಯೇ ಭಾನುವಿನಿಂದ ಆರಂಭ. ನಿಮಿಷದಲ್ಲಿ ಏಳು, ಗಂಟೆಯಲ್ಲಿ ಆರು, ಉಳಿದ ಮೂರರಲ್ಲಿ ನಕ್ಷತ್ರ ಎಂದರೆ ಪ್ರತಿದಿನವೂ ಬೆಳಗ್ಗೆ 6 ಗಂಟೆ 7 ನಿಮಿಷಕ್ಕೆ ಎಂದರ್ಥ.

ಇಲ್ಲೊಂದು ವೈಚಿತ್ರ್ಯವುಂಟು; ಮೀಮಾಂಸಕರು ಕಂಡಿದ್ದರೆ ಒಂದು ಅಧಿಕರಣವನ್ನೇ ರಚಿಸುತ್ತಿದ್ದರು. ತಾರೀಖಿನ ಸ್ಥಾನದಲ್ಲಿ 13, ವಾರದ ಸ್ಥಾನದಲ್ಲಿ ಶುಕ್ರವಾರ ಎಂದು ಬರೆದರೆ ಓದುವವನು ‘13ನೆಯ ತಾರೀಖು ಶುಕ್ರವಾರವಾಗಿ ಬಂದ ದಿನ’ ಎಂದು ತಿಳಿಯುವನು. ಕ್ರಾನ್ ಹಾಗೆ ತಿಳಿಯುವುದಿಲ್ಲ. ಪ್ರತಿಯೊಂದು 13ನೆಯ ತಾರೀಖಿನಲ್ಲಿಯೂ ನಡೆಸುತ್ತದೆ, ಪ್ರತಿಯೊಂದು ಶುಕ್ರವಾರದಲ್ಲಿಯೂ ನಡೆಸುತ್ತದೆ. ನಿಮಿಷ, ಗಂಟೆ, ತಿಂಗಳುಗಳ ವಿಷಯದಲ್ಲಿ ಸಮುಚ್ಚಯವನ್ನು ಪಾಲಿಸಿ, ಈ ಎರಡು ಅಂಗಗಳೂ ನಿಯಮಿತವಾದಾಗ ಮಾತ್ರ ಇದೋ ಅದೋ ಎಂಬ ವಿಕಲ್ಪವನ್ನು ಹಿಡಿಯುತ್ತದೆ. ಏಕವಾಕ್ಯದಲ್ಲಿಯೇ ನ್ಯಾಯವು ಹೀಗೆ ಇಬ್ಬಗೆಯಾದುದು ರಚಿಸಿದವರ ಅನುಕೂಲಕ್ಕೆ ಹೊರತು ಯುಕ್ತಿಗೆ ಅನುಗುಣವಾದುದಲ್ಲ. ಆದರೆ ರೂಢಿಯು ಬಲಿತುಹೋಗಿದೆ.

ಕಾಲದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಬಾಡಿಗೆಗೆ ಪಡೆದ ದೂರದ ಕಂಪ್ಯೂಟರುಗಳ ಗಡಿಯಾರವು ಸಾಮಾನ್ಯವಾಗಿ ವಿಶ್ವಕಾಲವನ್ನು ಅನುಸರಿಸುವುದು. ಭಾರತದ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗ್ಗೆ ಆರಕ್ಕೆ ಪರೀಕ್ಷೆ ನಡೆಯಲೆಂದು ಆರನ್ನೇ ಬರೆದರೆ ಬೆಂಗಳೂರಿನಲ್ಲಿ ಹನ್ನೊಂದೂವರೆಯಾಗಿರುತ್ತದೆ. ಭಾರತಕ್ಕೆಲ್ಲ ಒಂದೇ ಕಾಲವೆಂಬ ಏರ್ಪಾಡು 1906ರಲ್ಲಿ ಬಂದುದು. ಬೆಂಗಳೂರಿನ ಸ್ವಂತ ರೇಖಾಂಶದ ಕಾಲವು ಅದಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹಿಂದೆಂಬುದನ್ನು ಪಂಚಾಂಗಕರ್ತರು ಇಂದಿಗೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಷ್ಟು ಸೂಕ್ಷ್ಮವು ಇಲ್ಲಿ ಬೇಡ. ದಾಖಲೆಯಲ್ಲಿ ಯಾವ ಕಾಲವನ್ನು ಬರೆದಿದೆಯೆಂಬ ಒಂದು ಪದವನ್ನು ಪ್ರತಿಸಾಲಿನಲ್ಲಿಯೂ ಸೇರಿಸಿದರೆ ಸಾಕು.

ಎಷ್ಟು ಹೊತ್ತಿಗೊಮ್ಮೆ ಪರೀಕ್ಷಿಸಬೇಕು? ಸೂರ್ಯಸಿದ್ಧಾಂತದಲ್ಲಿ ಕಪಾಲಯಂತ್ರವೊಂದನ್ನು ಹೇಳಿದೆ: ತಳದಲ್ಲಿ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನಿರ್ಮಲವಾದ ನೀರಿನ ಮೇಲೆ ಬಿಟ್ಟರೆ ಅಹೋರಾತ್ರದಲ್ಲಿ ಅರವತ್ತು ಬಾರಿ ತುಂಬಿ ಮುಳುಗುವುದು. ಒಂದು ಮುಳುಗಿಗೆ ಒಂದು ಘಟಿಕೆ, ಅಂದರೆ ಕನ್ನಡದ ಗಳಿಗೆ. ಈಗಿನ ಲೆಕ್ಕದಲ್ಲಿ 24 ನಿಮಿಷ. (ತಾಳಗುಂದದ ಸ್ತಂಭಶಾಸನದಲ್ಲಿ ಮಯೂರಶರ್ಮನು ಕಂಚಿಯ ಘಟಿಕೆಗೆ ಹೋದನೆಂದಿರುವಲ್ಲಿ ಘಟಿಕೆಯೆಂಬುದು ವಿದ್ಯಾಸ್ಥಾನ, ಆ ಅರ್ಥಕ್ಕೂ ಈ ಬಟ್ಟಲಿಗೂ ಸಂಬಂಧವಿದೆಯೇ ಎಂಬುದು ಬೇರೆ ಚರ್ಚೆ.) ಗ್ರಂಥಭಂಡಾರದಂತಹ ಸೇವೆಗೆ ಗಳಿಗೆಗೊಮ್ಮೆ ಪರೀಕ್ಷೆಯು ಯಥೇಷ್ಟ; ದಿನಕ್ಕೆ ಅರವತ್ತು ಸಾಲುಗಳ ದಾಖಲೆ. ಆದರೆ ಕ್ರಾನಿನ ನಿಮಿಷದ ಅಂಗದಲ್ಲಿ ‘24ಕ್ಕೊಮ್ಮೆ’ ಎಂದು ಬರೆದವರು ಮೋಸಹೋಗುವರು. ಅದು 0, 24, 48 ಎಂದು ನಡೆಸಿ, ಗಂಟೆ ಮುಗಿದೊಡನೆ ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತದೆ. ಕಡೆಯ ಅಂತರವು ಹನ್ನೆರಡೇ ನಿಮಿಷವಾಗುವುದು. ಇಪ್ಪತ್ತನಾಲ್ಕು ಅರವತ್ತನ್ನು ನಿಶ್ಶೇಷವಾಗಿ ಭಾಗಿಸದಿರುವುದೇ ಇದಕ್ಕೆ ಕಾರಣ. ಎರಡು ಗಂಟೆಗಳಲ್ಲಿ ಐದು ಗಳಿಗೆಗಳು ಸರಿಯಾಗಿ ಹಿಡಿಯುವುದರಿಂದ ಸಮಸಂಖ್ಯೆಯ ಗಂಟೆಗಳಿಗೆ 0, 24, 48 ಎಂದೂ ಬೆಸಸಂಖ್ಯೆಯ ಗಂಟೆಗಳಿಗೆ 12, 36 ಎಂದೂ ಎರಡು ಸಾಲುಗಳನ್ನು ಬರೆದರೆ ಗಳಿಗೆಯು ಕೆಡದೆ ನಡೆಯುವುದು.

ಅಂತರದ ಆಯ್ಕೆಯಿಂದ ಏನನ್ನು ಕಾಣಬಹುದು, ಏನು ತಪ್ಪಿಹೋಗುವುದು ಎಂಬುದೂ ನಿರ್ಣಯವಾಗುತ್ತದೆ. ಆರು ನಿಮಿಷ ಮಾತ್ರ ಸೇವೆಯು ನಿಂತಿದ್ದರೆ, ಗಳಿಗೆಗೊಮ್ಮೆ ನೋಡುವವನ ಕಣ್ಣಿಗೆ ಅದು ಬೀಳುವ ಸಂಭವ ನಾಲ್ಕರಲ್ಲಿ ಒಂದು. ನಿಲುಗಡೆಯು ಪ್ರತಿರಾತ್ರಿ ಎರಡಕ್ಕೆ, ಪ್ರತಿಮಾಡುವ ಕೆಲಸ ನಡೆಯುವಾಗಲೆಲ್ಲ, ಐದು ನಿಮಿಷ ಆಗುತ್ತಿದ್ದರೆ ಪರಿಸ್ಥಿತಿಯು ಇನ್ನೂ ವಿಷಮ: ಎರಡೂಹತ್ತಕ್ಕೆ ನೋಡುವವನು ಅದನ್ನು ವರ್ಷವಿಡೀ ಕಾಣುವುದಿಲ್ಲ, ಎರಡಕ್ಕೆ ಸರಿಯಾಗಿ ನೋಡುವವನು ದಿನವೂ ಕಂಡು ಹೌಹಾರುತ್ತಾನೆ. ಪ್ರತಿನಿಮಿಷವೂ ನೋಡಿದರಾಯಿತಲ್ಲವೇ ಎಂದರೆ, ಅದು ದಿನಕ್ಕೆ 1440 ಬಾರಿ ಬಾಗಿಲು ತಟ್ಟಿದಂತೆ. ಯಾವುದೋ ಮಠದ, ಯಾವುದೋ ಸಣ್ಣ ಸಂಘದ ತಾಣವು ಅಷ್ಟನ್ನು ಸಹಿಸದು. ನೂರು ಜನ ಹಿತೈಷಿಗಳು ಹಾಗೆ ಮಾಡಿದರೆ ಅವರ ಪರೀಕ್ಷೆಯಿಂದಲೇ ಸೇವೆಯು ನಿಲ್ಲಬಹುದು. ಎಲ್ಲರೂ ಗಂಟೆಯ ಆರಂಭದ ನಿಮಿಷವನ್ನೇ ಆರಿಸಿಕೊಳ್ಳುವುದೂ ಇದೇ ಬಗೆಯ ಅವಿವೇಕ. ಆದಕಾರಣ ಮೇಲಿನ ಎರಡು ಸಾಲುಗಳ ಪ್ರತಿಯೊಂದು ಸಂಖ್ಯೆಗೂ ಏಳನ್ನೋ ಮೂರನ್ನೋ ಕೂಡಿಸಿಕೊಳ್ಳುವುದು ಒಳಿತು. ಅಂತರವು ಕೆಡುವುದಿಲ್ಲ, ಜನಸಂದಣಿಯೂ ತಪ್ಪುವುದು.

ಈಗ ಉತ್ತರಗಳ ಭೇದ. ಶೆಲ್ಲಿನ ಆಜ್ಞೆಯು ಕೆಲಸ ಮುಗಿಸಿದ ಮೇಲೆ ಒಂದು ಸಂಖ್ಯೆಯನ್ನು ಬಿಟ್ಟುಹೋಗುವುದು. ಸಿದ್ಧಿಗೆ ಸೊನ್ನೆ, ಉಳಿದ ಸಂಖ್ಯೆಗಳೆಲ್ಲ ಅಸಿದ್ಧಿಯ ಪ್ರಕಾರಗಳು. ಸಿದ್ಧಿಯು ಒಂದೇ, ಕೆಡುವ ದಾರಿಗಳು ಹಲವು ಎಂಬುದಕ್ಕೆ ಇದು ಅನುರೂಪವಾಗಿಯೇ ಇದೆ. ಕರ್ಲ್ 6 ಎಂದರೆ ತಾಣದ ಹೆಸರಿಗೆ ಸಂಖ್ಯಾರೂಪದ ವಿಳಾಸವೇ ದೊರೆಯಲಿಲ್ಲ. ಊರಿನವರಿಗೆ ಆ ಮನೆಯ ಹೆಸರೇ ಗೊತ್ತಿಲ್ಲವೆಂದಂತೆ. 7 ಎಂದರೆ ವಿಳಾಸವು ದೊರೆತರೂ ಸಂಪರ್ಕವು ಕೂಡಲಿಲ್ಲ; ಮನೆ ಗೊತ್ತಾಯಿತು, ಬಾಗಿಲು ತೆರೆಯಲಿಲ್ಲ. 28 ಎಂದರೆ ಕೊಟ್ಟ ಅವಧಿಯೊಳಗೆ ಕೆಲಸ ಮುಗಿಯಲಿಲ್ಲ. ಇದು ಅಭಾವವಲ್ಲ, ಸಂಶಯ. ಇವಲ್ಲದೆ ಸರ್ವರ್ ತಾನೇ ಹೇಳುವ ಸಂಖ್ಯೆಗಳು ಬೇರೆ: 200 ಎಂದರೆ ಕೇಳಿದುದು ಇದೆ, ತೆಗೆದುಕೊ, 404 ಎಂದರೆ ಆ ಪುಸ್ತಕ ಇಲ್ಲಿಲ್ಲ, 503 ಎಂದರೆ ಸದ್ಯಕ್ಕೆ ಆಗದು. ಕಡೆಯ ಎರಡರಲ್ಲಿ ‘ಇಲ್ಲ’ ಎಂದು ಹೇಳುವುದಕ್ಕಾದರೂ ಸರ್ವರ್ ಇದೆಯಷ್ಟೆ. ಆಗ ‘ಸರ್ವರ್ ಇಲ್ಲ’ ಎಂಬುದು ‘ನನ್ನ ಬಾಯಲ್ಲಿ ನಾಲಗೆಯಿಲ್ಲ’ ಎಂದು ಹೇಳುವವನ ಮಾತಿನಂತೆ ತನ್ನನ್ನು ತಾನೇ ಖಂಡಿಸಿಕೊಳ್ಳುವುದು. ಪಿಂಗ್ ಮಾತ್ರವನ್ನೇ ನಂಬುವುದೂ ಯುಕ್ತವಲ್ಲ. ಅನೇಕ ಸರ್ವರುಗಳು ಭದ್ರತೆಯ ಸಲುವಾಗಿ ಪಿಂಗಿಗೆ ಉತ್ತರ ಕೊಡದಂತೆ ಕಟ್ಟುಪಾಡು ಮಾಡಿಕೊಂಡಿರುತ್ತವೆ. ಅಂತಹವುಗಳ ಮೌನವು ಕತ್ತಲೆಯ ಕೋಣೆಯ ಅನುಪಲಬ್ಧಿ.

ಎಲ್ಲಕ್ಕಿಂತ ಕಪಟವಾದುದು 200 ಎಂದು ಹೇಳಿ ಬೇರೇನನ್ನೋ ಕೊಡುವ ಪ್ರಸಂಗ. ‘ದೋಷ ಸಂಭವಿಸಿದೆ’ ಎಂಬ ಪುಟವನ್ನೇ ಕುಶಲವೆಂಬ ಸಂಖ್ಯೆಯೊಡನೆ ಕಳುಹಿಸುವ ತಾಣಗಳು ಉಂಟು. ಇದು ಶುಕ್ತಿಯಲ್ಲಿ ರಜತದ ಭ್ರಮೆ. ಇದನ್ನು ಪರಿಹರಿಸಲು, ಬಂದ ಪುಟದಲ್ಲಿ ಇರಲೇಬೇಕಾದ ಒಂದು ಪದವನ್ನು ಗ್ರೆಪ್ ಎಂಬ ಆಜ್ಞೆಯಿಂದ ಹುಡುಕಿಸುವುದು ಪದ್ಧತಿ. ಕನ್ನಡದ ತಾಣಗಳಲ್ಲಿ ಇಲ್ಲಿಯೇ ತೊಡಕು ಹುಟ್ಟುವುದು, ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ‘ಕೋಶ’ ಎಂಬ ಪದವನ್ನು ಹುಡುಕಬೇಕೆಂದಿಟ್ಟುಕೊಳ್ಳಬಹುದು. ಯೂನಿಕೋಡ್ ಸಂಕೇತದಲ್ಲಿ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂದು ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನು ಮಾತ್ರ ಹೋಲಿಸುವ ಗ್ರೆಪ್ಪಿಗೆ ಅವು ಬೇರೆ ಬೇರೆ ಪದಗಳು. ಈತ್ವದ ದೀರ್ಘಕ್ಕೂ ಇದೇ ಗತಿ. ರಕಾರಕ್ಕೆ ಯಕಾರವು ಸೇರುವಲ್ಲಿ ಅರ್ಕಾವೊತ್ತು ಬೇಡವೆಂದು ಕಾಣದ ಸಂಕೇತವೊಂದನ್ನು ನಡುವೆ ಸೇರಿಸುವುದುಂಟು; ಅದೂ ಹುಡುಕಾಟವನ್ನು ಕೆಡಿಸುತ್ತದೆ. ಯೂನಿಕೋಡಿಗೆ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಪುಟಗಳಾದರೋ ಒಳಗೆ ರೋಮನ್ ಅಕ್ಷರಗಳ ರಾಶಿ. ಅವುಗಳಲ್ಲಿ ಕನ್ನಡ ಪದವನ್ನು ಹುಡುಕುವುದು ವ್ಯರ್ಥ. ಪದವು ದೊರೆಯಲಿಲ್ಲವೆಂದು ಎಚ್ಚರಿಕೆಯ ಪತ್ರ ಬರುತ್ತದೆ, ತೆರೆದು ನೋಡಿದರೆ ಪದವು ಕಣ್ಣೆದುರಿಗೇ ಇರುತ್ತದೆ. ಪಾಠಾಂತರಗಳನ್ನು ಬಲ್ಲ ಸಂಪಾದಕರಿಗೆ ಇದರ ಪರಿಹಾರವು ತಾನಾಗಿ ಹೊಳೆಯುವುದು: ಓತ್ವ ಈತ್ವಗಳಿಲ್ಲದ, ಒತ್ತಕ್ಷರವಿಲ್ಲದ ಪದವನ್ನು ಆರಿಸುವುದು. ‘ಕೋಶ’ಕ್ಕಿಂತ ‘ಪದಗಳು’ ಎಂಬುದು ಲೇಸು.

ಉತ್ತರದ ಕಾಲವನ್ನು ಅಳೆಯುವುದಕ್ಕೆ ಕರ್ಲ್ ಆಜ್ಞೆಯಲ್ಲಿಯೇ ಅನುಕೂಲವಿದೆ. ಹೆಸರಿನಿಂದ ವಿಳಾಸವು ದೊರೆತ ಹೊತ್ತು, ಸಂಪರ್ಕವು ಕೂಡಿದ ಹೊತ್ತು, ಗೋಪ್ಯತೆಯ ಕಟ್ಟುಪಾಡು ಮುಗಿದ ಹೊತ್ತು, ಮೊದಲ ಬೈಟು ಬಂದ ಹೊತ್ತು, ಎಲ್ಲ ಮುಗಿದ ಹೊತ್ತು ಎಂದು ಬೇರೆ ಬೇರೆಯಾಗಿ ಹೇಳುತ್ತದೆ. ಇವೆಲ್ಲವೂ ಆರಂಭದಿಂದ ಎಣಿಸಿದವು. ಒಂದೊಂದು ಘಟ್ಟದ ಕಾಲವು ಬೇಕಾದರೆ ಹಿಂದಿನದನ್ನು ಕಳೆಯತಕ್ಕದ್ದು. ಕ್ರಮವಾಗಿ 0.03, 0.08, 0.20, 1.90, 2.10 ಸೆಕೆಂಡು ಬಂದಿವೆಯೆಂದರೆ, ಸರ್ವರ್ ಕೇಳಿದುದನ್ನು ಹುಡುಕಿ ಉತ್ತರವನ್ನು ತೊಡಗುವುದಕ್ಕೆ ಹಿಡಿದದ್ದು ಸುಮಾರು 1.70, ಸಾಗಣೆಗೆ ಹಿಡಿದದ್ದು 0.20. ದಾರಿಯು ಚೆನ್ನಾಗಿದೆ, ಭಂಡಾರಿಯೇ ನಿಧಾನಿ ಎಂದು ತಿಳಿಯುವುದು.

ಈ ಅಂಕಿಗಳ ಸರಾಸರಿಯನ್ನು ತೆಗೆದು ತೃಪ್ತರಾಗುವುದು ಬಹಳ ಕಡೆ ಕಾಣುವ ದೋಷ. ಇಪ್ಪತ್ತು ಪರೀಕ್ಷೆಗಳಲ್ಲಿ ಹತ್ತೊಂಬತ್ತು 0.4 ಸೆಕೆಂಡಿನಲ್ಲಿ ಮುಗಿದು ಒಂದು 30 ಸೆಕೆಂಡು ಹಿಡಿದಿದ್ದರೆ ಸರಾಸರಿ 1.88. ಇಪ್ಪತ್ತು ಜನರಲ್ಲಿ ಒಬ್ಬನಿಗಾದರೂ 1.88 ಸೆಕೆಂಡಿನ ಅನುಭವವಾಗಲಿಲ್ಲ. ಹತ್ತೊಂಬತ್ತು ಜನರು ಸುಖವಾಗಿದ್ದಾರೆ, ಒಬ್ಬನು ಎದ್ದುಹೋಗಿದ್ದಾನೆ. ಏರಿಕೆಯ ಕ್ರಮದಲ್ಲಿ ಜೋಡಿಸಿ ಮಧ್ಯದ್ದನ್ನೂ ಕಡೆಯದನ್ನೂ ಹೇಳಿದರೆ ಸಂಗತಿಯು ಇದ್ದಂತೆ ತಿಳಿಯುವುದು. ಇನ್ನು, ಹತ್ತು ಸೆಕೆಂಡಿನ ಅವಧಿಯನ್ನು ವಿಧಿಸಿದ್ದರೆ ಆ ಮೂವತ್ತು ಸೆಕೆಂಡಿನದು ಅಸಿದ್ಧಿಯಾಗಿ ದಾಖಲಾಗಿ, ಉತ್ತರ ಬಂದವುಗಳ ಸರಾಸರಿಯು 0.4 ಎಂದು ಅಂದವಾಗಿ ತೋರುವುದು. ಸೇವೆಯು ಕೆಟ್ಟಷ್ಟೂ ಸರಾಸರಿಯು ಸುಧಾರಿಸುವ ಈ ವಿಪರೀತವನ್ನು ವರದಿಗಳಲ್ಲಿ ಗಮನಿಸುವವರು ವಿರಳ. ಅವಧಿಯನ್ನು ವಿಧಿಸದೆ ಇರುವಂತೆಯೂ ಇಲ್ಲ. ಮೊದಲ ಪರೀಕ್ಷೆ ಮುಗಿಯುವ ಮುನ್ನ ಎರಡನೆಯದು, ಅದು ಮುಗಿಯುವ ಮುನ್ನ ಮೂರನೆಯದು ಎಂದು ರಾಶಿಬೀಳುವುವು. ಹಾಗೆಯೇ ‘ನೂರಕ್ಕೆ ತೊಂಬತ್ತೊಂಬತ್ತು ಪಾಲು ಸೇವೆ’ ಎಂಬ ಹೊಗಳಿಕೆಯು ಮೂವತ್ತು ದಿನಗಳಲ್ಲಿ 7 ಗಂಟೆ 12 ನಿಮಿಷದ, ಅಂದರೆ ಹದಿನೆಂಟು ಗಳಿಗೆಗಳ, ನಿಲುಗಡೆಗೆ ಎಡೆಕೊಡುತ್ತದೆ. ಆ ಹದಿನೆಂಟು ಗಳಿಗೆಗಳು ಪರೀಕ್ಷಾಶುಲ್ಕ ಕಟ್ಟುವ ಕಡೆಯ ದಿನದಲ್ಲಿಯೇ ಬಂದರೂ ಹೊಗಳಿಕೆಗೆ ಕುಂದಿಲ್ಲ.

ವಿಲಂಬಕ್ಕೂ ಅಭಾವಕ್ಕೂ ಇರುವ ಭೇದವನ್ನು ಬೆಂಗಳೂರಿನ ಪಶ್ಚಿಮದಲ್ಲಿಯೇ ದೊಡ್ಡ ಪ್ರಮಾಣದಲ್ಲಿ ನೋಡಬಹುದು. ಕೆಂಗೇರಿಯಾಚೆ ಬ್ಯಾಲಾಳು ಗ್ರಾಮದಲ್ಲಿ ಇಸ್ರೋ ಸಂಸ್ಥೆಯ ದೂರಾಂತರಿಕ್ಷ ಜಾಲದ 32 ಮೀಟರ್ ಮತ್ತು 18 ಮೀಟರ್ ವ್ಯಾಸದ ಆಂಟೆನಾಗಳಿವೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಸಲುವಾಗಿ ಅವು ನಿರ್ಮಿತವಾದವು. ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿದಾಗ ಸಂದೇಶವು ಒಂದು ಕಡೆಗೆ ಸಾಗುವುದಕ್ಕೆ ಸುಮಾರು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಗಳಿಗೆ. ಅಲ್ಲಿ ಹತ್ತು ಸೆಕೆಂಡಿನ ಅವಧಿಯನ್ನು ವಿಧಿಸಿದವನು ಕುಶಲವಾದ ನೌಕೆಯನ್ನು ಸತ್ತಿತೆಂದು ಸಾರುತ್ತಿದ್ದನು. 2015ರ ಜೂನಿನಲ್ಲಿ ಭೂಮಿಗೂ ಮಂಗಳನಿಗೂ ನಡುವೆ ಸೂರ್ಯನು ಬಂದು ಸುಮಾರು ಹದಿನೈದು ದಿನ ಮಾತು ನಿಂತಿತು. ಯಾರೂ ಅದನ್ನು ನಾಶವೆಂದು ಎಣಿಸಲಿಲ್ಲ. ಆ ದಿನಗಳಲ್ಲಿ ಉತ್ತರ ಬರುವ ಯೋಗ್ಯತೆಯೇ ಇರಲಿಲ್ಲ, ಇದು ಮೊದಲೇ ಗಣಿತದಿಂದ ತಿಳಿದಿತ್ತು. 2022ರ ಏಪ್ರಿಲಿನಲ್ಲಿ ದೀರ್ಘವಾದ ಗ್ರಹಣವೊಂದರ ತರುವಾಯ ಸಂಪರ್ಕವು ತಪ್ಪಿದಾಗ ಹಾಗಿರಲಿಲ್ಲ. ಇಂಧನವು ತೀರಿರಬೇಕೆಂದು ನಿರ್ಣಯಿಸಿ, ನೌಕೆಯು ಮತ್ತೆ ಕೈಗೆ ಬಾರದೆಂದು ಅದೇ ವರ್ಷದ ಅಕ್ಟೋಬರಿನಲ್ಲಿ ಇಸ್ರೋ ಪ್ರಕಟಿಸಿತು. ಮೌನವು ಎರಡರಲ್ಲಿಯೂ ಒಂದೇ ಬಗೆಯದು, ಫಲಿತಾರ್ಥವು ಬೇರೆ.

ಚಂದ್ರಯಾನ-1ರ ಕಥೆಯು ಇನ್ನೂ ಸ್ವಾರಸ್ಯವಾದುದು. 2009ರ ಆಗಸ್ಟ್ 29ರಂದು ಅದರೊಡನೆ ರೇಡಿಯೋ ಸಂಪರ್ಕವು ಕಡಿದುಹೋಯಿತು. ಬ್ಯಾಲಾಳುವಿಗೆ ಅಂದಿನಿಂದ ಅದು ‘ಇಲ್ಲ’. ಆದರೆ 2016ರಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಗೋಲ್ಡ್‌ಸ್ಟೋನಿನ 70 ಮೀಟರ್ ಆಂಟೆನಾದಿಂದ ರೇಡಾರ್ ಕಿರಣಗಳನ್ನು ಚಂದ್ರನ ಕಡೆಗೆ ಬಿಟ್ಟು, ಗ್ರೀನ್ ಬ್ಯಾಂಕಿನ 100 ಮೀಟರ್ ದೂರದರ್ಶಕದಿಂದ ಪ್ರತಿಧ್ವನಿಯನ್ನು ಹಿಡಿದು, ಒಂದೂವರೆ ಮೀಟರ್ ಅಳತೆಯ ಆ ನೌಕೆಯು ಇನ್ನೂ ಚಂದ್ರನನ್ನು ಸುತ್ತುತ್ತಿದೆಯೆಂದು ಕಂಡುಕೊಂಡರು. 2017ರಲ್ಲಿ ಇದನ್ನು ಪ್ರಕಟಿಸಿದರು. ವಸ್ತುವಿದೆ, ಸೇವೆಯಿಲ್ಲ. ‘ಸರ್ವರ್ ಇಲ್ಲ’ ಎಂಬ ವಾಕ್ಯದಲ್ಲಿ ಧರ್ಮಿಯನ್ನು ನಿಷೇಧಿಸಿದೆಯೋ ಧರ್ಮವನ್ನು ನಿಷೇಧಿಸಿದೆಯೋ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದೊರೆಯಲಾರದು.

ಇಷ್ಟರಿಂದ ಪರೀಕ್ಷಕನ ದೋಷವು ತೀರಲಿಲ್ಲ. ವಿಜಯನಗರದ ಒಂದು ಮನೆಯ ಕಂಪ್ಯೂಟರಿನಲ್ಲಿ ಕ್ರಾನ್ ನಡೆಯುತ್ತಿದೆ, ಬೀದಿಯಲ್ಲಿ ಅಗೆದವರು ಕೇಬಲ್ಲನ್ನು ಕಡಿದರು ಎಂದಿಟ್ಟುಕೊಳ್ಳಬಹುದು. ಆಗ ಪರೀಕ್ಷಿಸುವ ಹತ್ತು ತಾಣಗಳೂ ಒಂದೇ ಗಳಿಗೆಯಲ್ಲಿ ಸತ್ತಂತೆ ದಾಖಲಾಗುವುವು. ಎಂದೂ ನಿಲ್ಲದ ಎರಡು ಬೇರೆ ಬೇರೆ ತಾಣಗಳನ್ನು ಮೊದಲು ಪರೀಕ್ಷಿಸಿ, ಅವೂ ಉತ್ತರ ಕೊಡದಿದ್ದರೆ ‘ನನ್ನ ದೀಪ ಆರಿದೆ’ ಎಂಬ ಅರ್ಥದ ಬೇರೊಂದು ಗುರುತನ್ನು ಬರೆಯುವಂತೆ ಆಜ್ಞೆಯಲ್ಲಿ ವಿಧಿಸಬೇಕು. ಒಂದು ಸಾರಿ ತಪ್ಪಿದೊಡನೆ ಎಚ್ಚರಿಸದೆ ಮೂರು ಸಾರಿ ಒಂದೇ ಸಮನೆ ತಪ್ಪಿದ ಮೇಲೆ ಎಚ್ಚರಿಸುವ ವಾಡಿಕೆಯೂ ಉಂಟು. ಒಂದರ ಆಕಸ್ಮಿಕ ದೋಷವು ನೂರಕ್ಕೊಂದಾದರೆ ಮೂರೂ ಆಕಸ್ಮಿಕವಾಗುವುದು ಹತ್ತು ಲಕ್ಷಕ್ಕೊಂದು ಎಂಬ ಲೆಕ್ಕವನ್ನು ಇದಕ್ಕೆ ಆಧಾರವಾಗಿ ಹೇಳುವರು. ಆ ಲೆಕ್ಕವು ದೋಷಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ ನಿಲ್ಲುವುದು, ಕಡಿದ ಕೇಬಲ್ಲು ಮೂರನ್ನೂ ಒಟ್ಟಿಗೆ ಕೆಡಿಸುವುದು.

ಕೈಯಿಂದ ಕೊಟ್ಟಾಗ ನಡೆಯುವ ಆಜ್ಞೆಯು ಕ್ರಾನಿನಲ್ಲಿ ನಡೆಯದಿರುವುದು ಬಹುಜನರ ಅನುಭವ. ಕ್ರಾನಿಗೆ ಆಜ್ಞೆಗಳಿರುವ ಸ್ಥಳಗಳ ಪರಿಚಯವು ಅಲ್ಪವಾದುದರಿಂದ ಪೂರ್ಣ ಸ್ಥಳನಾಮವನ್ನು ಬರೆಯಬೇಕು. ಶೇಕಡಾ ಚಿಹ್ನೆಯನ್ನು ಅದು ಸಾಲಿನ ಮುಕ್ತಾಯವೆಂದು ತಿಳಿಯುವುದರಿಂದ ಅದರ ಹಿಂದೆ ಓರೆಗೀಟನ್ನು ಇಡಬೇಕು. ವಿದ್ಯುತ್ತು ಹೋಗಿದ್ದಾಗ ತಪ್ಪಿದ ಕೆಲಸವನ್ನು ಆಮೇಲೆ ಮಾಡಿ ತೀರಿಸುವ ಅನಾಕ್ರಾನ್ ಎಂಬುದೊಂದಿದೆ, ಲೋಪಕ್ಕೆ ಪ್ರಾಯಶ್ಚಿತ್ತದಂತೆ. ಇಲ್ಲಿ ಅದು ನಿಷ್ಫಲ. ನಿನ್ನೆ ಸಂಜೆ ಸೇವೆಯಿತ್ತೇ ಎಂಬುದನ್ನು ಇಂದು ಬೆಳಗ್ಗೆ ಪರೀಕ್ಷಿಸುವುದು ಯಾರಿಂದ ಸಾಧ್ಯ? ದಾಖಲೆಯಲ್ಲಿ ಖಾಲಿಯನ್ನು ಖಾಲಿಯಾಗಿಯೇ ಬಿಡುವುದು ಪ್ರಾಮಾಣಿಕ.

ಕಾವಲುಗಾರನೇ ಮಲಗಿದರೆ ತಿಳಿಯುವುದು ಹೇಗೆ? ಭಾಸ್ಕರಾಚಾರ್ಯನ ಲೀಲಾವತಿಯನ್ನು ಫೈಜಿಯು 1587ರಲ್ಲಿ ಪಾರಸಿಗೆ ಅನುವಾದಿಸಿದಾಗ ಹೇಳಿದ ಕಥೆಯೊಂದು ಎಲ್ಲರಿಗೂ ಗೊತ್ತು. ಮಗಳ ಮದುವೆಯ ಮುಹೂರ್ತಕ್ಕೆಂದು ನೀರಿನ ಮೇಲೆ ಬಿಟ್ಟ ಗಳಿಗೆಬಟ್ಟಲಿಗೆ ಅವಳ ಉಡುಪಿನ ಮುತ್ತೊಂದು ಉದುರಿ ರಂಧ್ರವನ್ನು ಮುಚ್ಚಿತು, ಬಟ್ಟಲು ಮುಳುಗಲಿಲ್ಲ, ಮುಹೂರ್ತವು ಮೀರಿಹೋಯಿತು. ಕಥೆಯು ಐತಿಹ್ಯವಿರಬಹುದು, ಭಾಸ್ಕರನ ಗ್ರಂಥದಲ್ಲಿ ಇದರ ಸುಳಿವಿಲ್ಲ. ಆದರೂ ಅದರಲ್ಲಿನ ದೋಷವು ನೈಜವಾದುದು: ಬಟ್ಟಲು ಮುಳುಗದಿರುವುದನ್ನು ನೋಡುತ್ತಿದ್ದವರೆಲ್ಲ ‘ಇನ್ನೂ ಕಾಲವಾಗಿಲ್ಲ’ ಎಂದೇ ತಿಳಿದರು. ದೋಷ ಕಂಡಾಗ ಮಾತ್ರ ಪತ್ರ ಕಳುಹಿಸುವ ಪರೀಕ್ಷಕನ ಮೌನವೂ ಇಂತಹದೇ. ಎಲ್ಲವೂ ಕುಶಲವಾಗಿದ್ದರೂ ಮೌನ, ಪರೀಕ್ಷಕನೇ ಸತ್ತರೂ ಮೌನ. ಆದುದರಿಂದ ನಿತ್ಯವೂ ಬೆಳಗ್ಗೆ ಆರಕ್ಕೆ, ಹೇಳುವುದೇನೂ ಇಲ್ಲದಿದ್ದರೂ, ‘ನಿನ್ನೆ ಅರವತ್ತರಲ್ಲಿ ಇಷ್ಟು ಪರೀಕ್ಷೆ ನಡೆಯಿತು, ಇಷ್ಟಕ್ಕೆ ಉತ್ತರ ಬಂದಿತು, ಕಡೆಯದು ಇಷ್ಟು ಹೊತ್ತಿಗೆ’ ಎಂಬ ಒಂದು ಸಾಲಿನ ಪತ್ರವು ಬರುವಂತೆ ಮತ್ತೊಂದು ಕ್ರಾನ್ ಸಾಲನ್ನು ಸೇರಿಸುವುದುಂಟು. ಅರವತ್ತರ ಬದಲು ನಲವತ್ತೇಳು ಎಂದು ಬಂದರೆ ಹದಿಮೂರು ಗಳಿಗೆ ಪರೀಕ್ಷಕನು ಇರಲಿಲ್ಲ. ಪತ್ರವೇ ಬಾರದಿದ್ದರೆ ಎದ್ದುಹೋಗಿ ಬಟ್ಟಲನ್ನು ನೋಡತಕ್ಕದ್ದು. ಈ ದಾಖಲೆಯ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಇರಿಸಿಕೊಂಡು, ಪ್ರಬಂಧದಲ್ಲಿ ಜಾಲದ ವಿಳಾಸವನ್ನು ಬರೆಯುವಾಗಲೆಲ್ಲ ಅದರಿಂದ ಕಡೆಯ ಬಾರಿ ಉತ್ತರ ಬಂದ ತಾರೀಖನ್ನು ಪಕ್ಕದಲ್ಲಿಯೇ ನಮೂದಿಸಬಹುದು.